ಕ್ರಾಸಿಂಗಿನಾಕಿ

ತಾವರಗೇರಾ
೧೧ ಜನವರಿ ೨೦೨೫, ಶನಿವಾರ

ಪೂಜ್ಯ ಯಂಕೋಬ ಮಾವನವರಿಗೆ,

ನಿಮ್ಮ ಅಕ್ಕನ ಮಗಳು ಹೊಳಿಯಮ್ಮನ ನಮಸ್ಕಾರಗಳು.

ಇಂದು ಜನವರಿ ಹನ್ನೊಂದು. ಈ ಪತ್ರದ ಉದ್ದೇಶ ಒಂದೇ. ಹಡಗಿನಿಂದ ಇಳಿದ ಬೆಳಿಗ್ಗೆ, ನನ್ನ ಕೃಷಿ ಪದವಿಯ ಪ್ರಮಾಣಪತ್ರವನ್ನು ಕುಷ್ಟಗಿಯ ನಿಮ್ಮ ಅಂಗಡಿಯ ಕೀಟನಾಶಕ ಪರವಾನಗಿಗೆ ಕೊಡಬೇಕೆಂದು ನೀವು ನನ್ನನ್ನು ಕೇಳಿದಿರಿ. ಅದಕ್ಕೆ ಉತ್ತರ ಕೊಡಲು ಬರೆಯುತ್ತಿದ್ದೇನೆ. ಉತ್ತರ ಪತ್ರದ ಕೊನೆಯ ಸಾಲಿನಲ್ಲಿದೆ. ಬೀಜದ ಪೊಟ್ಟಣ ಕೈಗೆ ಬಂದರೆ ಮೊದಲು ಅದನ್ನು ತಿರುಗಿಸಿ ಹಿಂಬದಿಯ ಬೆಲೆ ನೋಡುವುದು ನಿಮ್ಮ ರೂಢಿ. ಈ ಸಲ ಮಾತ್ರ ಮುಂಬದಿಯಿಂದ ಓದಬೇಕೆಂದು ವಿನಂತಿ.

ತಡವಾಗಿ ಬರೆಯುವವರು ಕ್ಷಮೆ ಕೇಳುವುದು ಪದ್ಧತಿ. ಕೇಳಿದ್ದೇನೆಂದು ಭಾವಿಸಿ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನಿಮಗೆ ಬೇಡದ ಮಾತು ಬಂದ ಕೂಡಲೇ "ಹಲೋ, ಹಲೋ, ದನಿ ಕಡದು ಕಡದು ಬರಾಕತ್ತೈತವ್ವಾ" ಎನ್ನುತ್ತೀರಿ. ಅಂಗಡಿಗೇ ಬಂದು ಹೇಳಬಹುದಿತ್ತು. ಅಲ್ಲಿ ಗಿರಾಕಿಗಳೆದುರು ಮಂಡಕ್ಕಿ ಮಿರ್ಚಿ ತರಿಸಿ ನನ್ನ ಬಾಯಿ ತುಂಬಿಸಿಬಿಡುತ್ತೀರಿ. ಕಾಗದಕ್ಕೆ ಈ ಎರಡು ತೊಂದರೆಗಳೂ ಇಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ ಗಿಣಿಗೇರಾದ ಕಾರ್ಖಾನೆಯಿಂದ ವಾರದ ರಜೆಗೆ ಬಂದು, ಕಿವಿಯೊಳಗಿನ ಕಬ್ಬಿಣದ ಧೂಳನ್ನು ಟವೆಲಿನ ತುದಿಯಿಂದ ತೆಗೆಯುತ್ತ ಕಟ್ಟೆಯ ಮೇಲೆ ಕುಳಿತಿದ್ದಾನೆ. ಅವ್ವ ಎಂದಿನಂತೆ ಬೆಳಗಿನ ಟಂಟಂ ಹತ್ತಿ ಕ್ರಾಸಿಂಗಿಗೆ ಹೋಗಿದ್ದಾಳೆ. ಹಡಗಿನಿಂದ ನಿಮ್ಮ ಅಕ್ಕನಿಗೆಂದು ನೀವು ನನ್ನ ಕೈಯಲ್ಲಿ ಕೊಟ್ಟು ಕಳಿಸಿದ ಉಡುಗೊರೆ ತಲುಪಿದೆ. ಕಂಪನಿಯವರು ನಿಮಗೆ ಪುಕ್ಕಟೆ ಹಂಚಿದ, "ಬೀಜ ಸಾಮ್ರಾಟ" ಎಂದು ಜರಿಯ ದಾರದಲ್ಲಿ ಹೆಣೆದ ಆ ಟೊಪ್ಪಿಗೆಯನ್ನು ಅವ್ವ ಸೆರಗಿನ ಮೇಲೆ ಹಾಕಿಕೊಂಡು ನೆರಳು ಪರದೆಯೊಳಗೆ ಕೆಲಸ ಮಾಡುತ್ತಾಳೆ. ಜೊತೆಯ ಹೆಂಗಸರು ನಕ್ಕರೆ, "ನಗ್ರಿ ನಗ್ರಿ, ನನ್ನ ತಮ್ಮ ಸಮುದ್ರದಾಗಿಂದ ತಂದಾನ. ನಿಮ್ಮ ತಮ್ಮಗೋಳು ತಾವರಗೇರಾ ಸಂತ್ಯಾಗಿಂದ ಏನರ ತಂದಾರೇನು?" ಎನ್ನುತ್ತಾಳಂತೆ.

ನಮ್ಮ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳನ್ನು ಎಲ್ಲಿಗೆ ಹೊರಟಿರೆಂದು ಕೇಳಿದರೆ ಹೊಲಕ್ಕೆ ಎನ್ನುವುದಿಲ್ಲ, ಕ್ರಾಸಿಂಗಿಗೆ ಎನ್ನುತ್ತಾರೆ. ಅರಳಿರದ ಹೂವಿನ ಮೊಗ್ಗನ್ನು ಚಿಮಟದಿಂದ ಸುಲಿದು ಒಳಗಿನ ಗಂಡು ಭಾಗವನ್ನು ತೆಗೆಯುವುದು; ಮರುದಿನ ಬೇರೆ ಗಿಡದ ಗಂಡು ಹೂವಿನ ಹುಡಿಯನ್ನು ತಂದು ಮುಟ್ಟಿಸುವುದು; ಮುಟ್ಟಿಸಿದ್ದಕ್ಕೆ ಗುರುತಾಗಿ ಕೆಂಪು ದಾರ ಕಟ್ಟುವುದು. ಟೊಮೆಟೊ, ಬೆಂಡಿ, ಹೀರೆ, ಕಲ್ಲಂಗಡಿ, ಯಾವ ಸಂಕರ ಬೀಜವಾದರೂ ಹೀಗೆಯೇ ಹುಟ್ಟುತ್ತದೆ. ಅದು ಪೊಟ್ಟಣ ಸೇರಿ ನಿಮ್ಮ ಅಂಗಡಿಗೆ ಬರುತ್ತದೆ, ನೀವು ಮಾರುತ್ತೀರಿ, ಕಂಪನಿ ನಿಮ್ಮನ್ನು ಸಾಮ್ರಾಟನೆನ್ನುತ್ತದೆ. ಇದೆಲ್ಲ ನಿಮಗೆ ನನಗಿಂತ ಮೊದಲೇ ಗೊತ್ತು. ಹಡಗಿನ ಮೇಲೆ ಮರೆತುಹೋದಂತೆ ಕಂಡಿದ್ದರಿಂದ ಬರೆದೆ.

ಪ್ರವಾಸದ ವಿಷಯಕ್ಕೆ ಬರುತ್ತೇನೆ. "ಹೋಗಿ ಬಂದ ಮ್ಯಾಲ ಹೆಂಗಿತ್ತು ಅಂತ ಬರದು ಕಳಸು, ಕಂಪನಿಯವರಿಗೆ ತೋರಸ್ತೀನಿ, ನಿನ್ನಂಗ ಬರಿಯೋರು ಯಾರದಾರ?" ಎಂದು ನೀವೇ ಹೇಳಿದ್ದಿರಿ. ಆದ್ದರಿಂದ ಇದನ್ನು ನನ್ನ ವರದಿ ಎಂದೇ ತಿಳಿಯಿರಿ. ಕಂಪನಿಯವರಿಗೆ ತೋರಿಸುವುದು, ಬಿಡುವುದು ನಿಮ್ಮ ಇಷ್ಟ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನೀವು ನಮ್ಮ ಮನೆಗೆ ಬಂದಿರಿ. ಒಳಗೆ ಕಾಲಿಡುವ ಮೊದಲೇ "ಹೊಳೀ, ಹಡಗ ಏರತಿ ಏನವ್ವಾ?" ಎಂದು ಕೂಗಿದಿರಿ. ಔಷಧಿ ಮತ್ತು ಬೀಜದ ಮಾರಾಟದ ಗುರಿ ಮುಟ್ಟಿದ್ದಕ್ಕೆ ಕಂಪನಿ ಇಬ್ಬರಿಗೆ ಚಳಿಗಾಲದ ಹಡಗು ಪ್ರವಾಸ ಕೊಟ್ಟಿದೆ, ಮುಂಬೈಯಿಂದ ಗೋವಾಕ್ಕೆ ಹೋಗಿ ಮರಳುವುದು, ಅತ್ತೆಗೆ ನೀರೆಂದರೆ ಅಂಜಿಕೆ, ಆದ್ದರಿಂದ ನೀನು ಬಾ ಎಂದಿರಿ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ನಿಮಗೆ ದೃಷ್ಟಿ ತೆಗೆದಳು. ಆಮೇಲೆ ಒಂದು ದಿನ ಕುಷ್ಟಗಿಯಲ್ಲಿ ಅತ್ತೆಯನ್ನು ಕೇಳಿದೆ. ಅತ್ತೆ ಹೇಳಿದ್ದು: "ನೀರಿಗೆ ನಾ ಯಾಕ ಅಂಜಲಿ? ಹೊಳಿ ದಂಡಿ ಹುಲಿಗಿಯಾಗ ಹುಟ್ಟಿ ಬೆಳದಾಕಿ ನಾ. ನನಗ ಯಾರೂ ಕೇಳೇ ಇಲ್ಲವ್ವಾ."

ಆಗಲೇ ಬರುವುದಿಲ್ಲ ಎನ್ನಬೇಕಿತ್ತು ಎಂದು ನೀವು ಹೇಳಬಹುದು. ಹೇಳಲಿಲ್ಲ, ಏಕೆಂದರೆ ಸಮುದ್ರವನ್ನು ನಾನು ನೋಡಿರಲಿಲ್ಲ. ನೋಡದ ವಸ್ತುವಿನ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳುವುದು ನನ್ನ ಶಿಸ್ತಿಗೆ ಒಗ್ಗುವುದಿಲ್ಲ. ಈಗ ನೋಡಿದ್ದೇನೆ. ಸಮುದ್ರ ದೊಡ್ಡದು. ಅದರ ಅರ್ಹತೆ ಅಷ್ಟೇ. ನಮ್ಮ ಎಡದಂಡೆ ಕಾಲುವೆಯ ನೀರು ಅದರ ಮುಂದೆ ಒಂದು ಗೀರು. ಆದರೂ ಶ್ರೀರಾಮನಗರದ ಗದ್ದೆಗಳಿಗೆ ಎಂದು ಹೋಗಬೇಕು, ಎಷ್ಟು ಹೋಗಬೇಕು ಎಂಬ ಒಂದು ಕೆಲಸ ಆ ನೀರಿಗಿದೆ. ಸಮುದ್ರ ಯಾವ ಕೆಲಸವೂ ಇಲ್ಲದೆ ಇಷ್ಟೊಂದು ಸದ್ದು ಮಾಡುವುದು ನನಗೆ ನಮ್ಮ ಬಸ್ಸಿನ ಸಾಮ್ರಾಟರನ್ನು ನೆನಪಿಸಿತು.

ನಮ್ಮನ್ನು ಮುಂಬೈ ಬಂದರಿಗೆ ಒಯ್ಯುವ ಆ ಬಸ್ಸು ಗಂಗಾವತಿಯಿಂದ ಹೊರಟಿತ್ತು. ನಾವು ಕುಷ್ಟಗಿಯಲ್ಲಿ ಹತ್ತುವ ಹೊತ್ತಿಗೆ ಮುಂದಿನ ಗಾಜಿಗೆ ಹೇಮಗುಡ್ಡದ ದುರ್ಗಮ್ಮನ ಕುಂಕುಮ ಬಿದ್ದಿತ್ತು, ನಿಮ್ಮಂತೆ ಗುರಿ ಮುಟ್ಟಿದ ವ್ಯಾಪಾರಿಗಳೆಲ್ಲರ ತಲೆಯ ಮೇಲೂ ಆ ಟೊಪ್ಪಿಗೆ ಕೂತಿತ್ತು. ಗಂಗಾವತಿಯ ಮೌಲಾಹುಸೇನ ಸಾಹೇಬರು ತಮ್ಮದನ್ನು ಮೊಣಕಾಲಿಗೆ ಹಾಕಿಕೊಂಡಿದ್ದರು. ಏಕೆಂದು ಕೇಳಿದ್ದಕ್ಕೆ, "ತಲಿಗೆ ಹಾಕ್ಕೊಂಡ್ರ ಖರೇನ ಸಾಮ್ರಾಟ ಅಂತ ತಿಳಕೊಂಡು ಮಂದಿ ಉದ್ರಿ ಕೇಳತಾರ ಬೇಟಾ" ಎಂದರು. ಆ ಬಸ್ಸಿನಲ್ಲಿ ನಾನು ಸಹಿಸಬಲ್ಲ ಮನುಷ್ಯ ಅವರೊಬ್ಬರೇ. ಯಲಬುರ್ಗಾದ ಗಿಡ್ಡಪ್ಪನವರ ಬಗ್ಗೆ ಹೇಳುವುದೇನಿದೆ? ವಿಜಯಪುರ ದಾಟುವವರೆಗೆ ತಾವು ಮಾರಿದ ಬಾಟಲಿಗಳ ಪ್ರತಾಪ, ಸೊಲ್ಲಾಪುರ ದಾಟುವವರೆಗೆ ತಮ್ಮ ಕಾರಿನ ಪ್ರತಾಪ, ಅಲ್ಲಿಂದ ಮುಂದೆ ಗೊರಕೆ.

ಹಡಗು ಹತ್ತಿದ ಮೇಲೆ ಧ್ವನಿವರ್ಧಕದಲ್ಲಿ ಒಬ್ಬಳು ಹೆಣ್ಣುಮಗಳು ಇಂಗ್ಲಿಷಿನಲ್ಲಿ ಪ್ರಕಟಣೆ ಓದಿದಳು. ನೀವು ಮೊಣಕೈ ತಿವಿದು "ಏನಂತವ್ವಾ?" ಎಂದಿರಿ. "ಹವೆ ಚೆನ್ನಾಗಿದೆಯಂತೆ, ಕ್ರಾಸಿಂಗ್ ಸುಗಮವಾಗಿರುತ್ತದಂತೆ" ಎಂದೆ. ದಾಟುವುದಕ್ಕೆ ಆ ಭಾಷೆಯಲ್ಲಿ ಹಾಗೆನ್ನುತ್ತಾರೆ. ಗಿಡ್ಡಪ್ಪನವರು ಬೆಚ್ಚಿ, "ಏ ಇವನಾಪ್ನ! ಇಲ್ಲಿಗೂ ಕ್ರಾಸಿಂಗ್ ಬಂತೇನ್ರೀ? ಹೆಣ್ಣಾಳು ಎಲ್ಲಿಂದ ತರಸ್ತಾರ? ಮೀನಿಗೆ ದಾರ ಕಟ್ಟಾಕಿ ಯಾರು?" ಎಂದರು. ನಮ್ಮ ಜಿಲ್ಲೆಯ ಸಾಮ್ರಾಟರೆಲ್ಲ ಹೊಟ್ಟೆ ಹಿಡಿದು ನಕ್ಕರು. ಬಳ್ಳಾರಿ, ದಾವಣಗೆರೆಯ ವ್ಯಾಪಾರಿಗಳಿಗೆ ಅರ್ಥವಾಗಲಿಲ್ಲ. ನೀವು ಎಲ್ಲರಿಗಿಂತ ಜೋರಾಗಿ ನಕ್ಕಿರಿ. ನಾನು ನಗಲಿಲ್ಲ. "ಈಕಿ ಹಿಂಗ ನೋಡ್ರಿ, ಗೋಲ್ಡ್ ಮೆಡಲ್ ಅಲ್ಲಾ, ನಗೂದಕ್ಕೂ ಪರ್ಮಿಶನ್ ಬೇಕು" ಎಂದಿರಿ.

ಮುಳುಗಿದರೆ ತೇಲಿಸುವ ಅಂಗಿ ತೊಡುವುದನ್ನು ಹಡಗಿನವರು ಎಲ್ಲರಿಗೂ ಕಲಿಸಿದರು. ಕಲಿತ ಮೇಲೆ ಅದನ್ನು ಮರಳಿಸಬೇಕು. ಗಿಡ್ಡಪ್ಪನವರು ಮರಳಿಸಲಿಲ್ಲ. ಕಿತ್ತಳೆ ಬಣ್ಣದ ಅದನ್ನು ತೊಟ್ಟುಕೊಂಡೇ ಊಟಕ್ಕೆ ಬಂದು, ತಟ್ಟೆ ಎದೆಗೆ ಸಿಗದೆ ಕೈ ಚಾಚಿ ಚಾಚಿ ಉಂಡರು. "ನಮ್ಮ ಹೆಂಡ್ತಿ ಹೇಳಿ ಕಳಿಸ್ಯಾಳ್ರೀ, ಮೈಮ್ಯಾಲಿಂದ ತಗೀಬ್ಯಾಡ ಅಂತ." ಅದೇ ಹೆಂಡತಿ ಕಟ್ಟಿಕೊಟ್ಟ ಕಟಕ ರೊಟ್ಟಿಯ ಗಂಟನ್ನು ಮಾತ್ರ ಮೇಜಿನ ಕೆಳಗೆ, ಕಾಲ ಸಂದಿಯಲ್ಲಿ ಬಚ್ಚಿಟ್ಟು ಮುರಿಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಿತ್ತಳೆ ಅಂಗಿ ತೊಟ್ಟು ಸಭೆಯಲ್ಲಿ ಕೂರಲು ನಾಚದವರು ರೊಟ್ಟಿಗೆ ನಾಚಿದರು. ನೀವೂ ಆ ಗಂಟಿನಿಂದ ಎರಡು ತುಂಡು ತೆಗೆದುಕೊಂಡಿರಿ. ಕಂಪನಿಯ ವಲಯ ಅಧಿಕಾರಿ ಆ ಕಡೆ ಬಂದಾಗ ಬಾಯೊಳಗಿನ ರೊಟ್ಟಿಯನ್ನು ಅಗಿಯದೆ ಹಾಗೇ ಹಿಡಿದು ನಕ್ಕಿರಿ. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು, ರೊಟ್ಟಿಯ ಕಾರಣಕ್ಕಲ್ಲ.

ಆ ವಲಯ ಅಧಿಕಾರಿಯ ವಿಷಯವನ್ನೂ ಬರೆಯಬೇಕು. ಅವನ ಕೈಯಲ್ಲಿ ಸದಾ ಒಂದು ಗ್ಲಾಸು, ಬಾಯಲ್ಲಿ ಸದಾ ಒಂದು ಹೊಗಳಿಕೆ. ನೀವು ನನ್ನನ್ನು ಅವನ ಮುಂದೆ ನಿಲ್ಲಿಸಿ, "ಇಕಿ ನಮ್ಮ ಸೊಸಿರೀ ಸರ, ಖಾಸ್ ಅಕ್ಕನ ಮಗಳು. ಇಡೀ ಯುನಿವರ್ಸಿಟಿಗೆ ಪಸ್ಟ್. ಗವರ್ನರ್ ಕೈಯಾಗಿಂದ ಮೆಡಲ್" ಎಂದಿರಿ. ಆ ಹೆಮ್ಮೆ ನಟನೆಯಲ್ಲವೆಂದು ನನಗೆ ಗೊತ್ತು. ಘಟಿಕೋತ್ಸವದ ದಿನ ಸಭಾಂಗಣದ ಹೊರಗೆ ನೀವು ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತದ್ದನ್ನು ನಾನು ನೋಡಿದ್ದೇನೆ. ಅಧಿಕಾರಿ, "ವಾವ್, ಕಂಗ್ರಾಟ್ಸ್! ತಾಯಿಯವರು ಏನ್ ಮಾಡ್ತಾರೆ?" ಎಂದು ಕೇಳಿದ. ಉತ್ತರ ನನ್ನ ನಾಲಿಗೆಯ ಮೇಲಿತ್ತು. ನೀವು ನನಗಿಂತ ಮೊದಲು, "ಮನ್ಯಾಗ ಇರ್ತಾರ್ರೀ. ಸ್ವಲ್ಪ ತ್ವಾಟ ಐತಿ, ನೋಡಿಕೋತಾರ" ಎಂದಿರಿ.

ತೋಟ. ನಮ್ಮ ಮನೆಯ ಹಿಂದೆ ಒಂದು ನುಗ್ಗೆಗಿಡವಿದೆ, ಮಾವ.

ಊಟದ ನಂತರ ಹಡಗಿನ ಮೇಲಂತಸ್ತಿನಲ್ಲಿ ಸಾಮ್ರಾಟರಿಗೆ ಕುಣಿತವಿತ್ತು. ನಮ್ಮ ಕಡೆಯ ಗಂಡಸರು ಕುಣಿಯುವುದನ್ನು ನಾನು ಮೊಹರಮ್ಮಿನಲ್ಲಿ ಅಲಾವಿಯ ಬೆಂಕಿಕುಳಿಯ ಸುತ್ತ ನೋಡಿದ್ದೇನೆ. ಅಲ್ಲಿ ಹೆಜ್ಜೆಗೊಂದು ಗೌರವವಿರುತ್ತದೆ. ಇಲ್ಲಿ ಅದೇ ಹೆಜ್ಜೆಗಳು, ಗೌರವವಿಲ್ಲದೆ. ನಾನು ಒಂದು ಕುರ್ಚಿ ಎಳೆದುಕೊಂಡು ಕಂಬಿಯ ಪಕ್ಕ ಕುಳಿತೆ. ಮೌಲಾಹುಸೇನ ಸಾಹೇಬರು ಚಹಾ ಹಿಡಿದು ಬಂದು ಪಕ್ಕದಲ್ಲಿ ಕುಳಿತರು.

"ಬೇಟಾ, ಹೊಳಿ ಅಂತ ಹೆಸರಿಟ್ಕೊಂಡು ಸಮುದ್ರಕ್ಕ ಬೆನ್ನು ತಿರುಗಿಸಿ ಕುಂತೀಯಲ್ಲ" ಎಂದರು.

"ನನಗೆ ಸಮುದ್ರ ಹಿಡಿಸಲಿಲ್ಲ" ಎಂದೆ.

"ನಿಮ್ಮ ಮಾವ ನಿನ್ನ ಯಾಕ ಕರ್ಕೊಂಡು ಬಂದಾನ, ಖಬರ್ ಐತೇನು?"

"ಇಂಗ್ಲಿಷ್ ಓದಿ ಹೇಳುವುದಕ್ಕೆ."

ಅವರು ಚಹಾ ಕುಡಿದು ಮುಗಿಸಿ ಹೇಳಿದರು: "ಓದಿದಾಕಿಗೆ ಇಷ್ಟೂ ತಿಳಿಯಂಗಿಲ್ಲೇನು? ಹುಳದ ಎಣ್ಣಿ ಮಾರೂ ಲೈಸನ್ಸಿಗೆ ಈಗ ಕೃಷಿ ಓದಿದವರ ಕಾಗದ ಬೇಕು. ನಿಮ್ಮ ಮಾವ ಇಷ್ಟು ದಿನ ಶರಣಬಸವ ಅನ್ನೂ ಹುಡುಗನ ಕಾಗದ ತೂಗುಹಾಕಿದ್ದ. ಆ ಹುಡುಗಗ ಸರಕಾರಿ ನೌಕರಿ ಆತು, ವಾಪಸ್ ಇಸಗೊಂಡ. ಈಗ ಗ್ವಾಡಿ ಖಾಲಿ ಐತಿ. ನಾ ಹೇಳೀನಿ ಅಂತ ಹೇಳಬ್ಯಾಡ ಮತ್ತ, ನನ್ನ ಗ್ವಾಡಿ ಮ್ಯಾಲೂ ಯಾರದೋ ಅಳಿಯಂದು ಐತಿ."

ಅವರು ಹೇಳಿದರೆಂದು ಈಗ ಬರೆದಿದ್ದೇನೆ. ನೀವು ಅವರೊಡನೆ ಜಗಳವಾಡುವುದಿಲ್ಲವೆಂದು ನಂಬಿದ್ದೇನೆ. ಇಬ್ಬರ ಗೋಡೆಗಳೂ ಒಂದೇ ಆದ್ದರಿಂದ ಜಗಳಕ್ಕೆ ಜಾಗವಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಆ ಹೊತ್ತಿನಲ್ಲಿ ನನಗೆ ನಿಮ್ಮ ಮೇಲೆ ಸಿಟ್ಟು ಬರಲಿಲ್ಲ. ನಿಮ್ಮ ಜಾಣತನ ನೋಡಿ ನಗು ಬಂತು. ನೇರವಾಗಿ ಕೇಳಿದ್ದರೆ ಏನೆಂದು ಉತ್ತರಿಸುತ್ತಿದ್ದೆನೋ ಎಂದು ಯೋಚಿಸಿದೆ. ಬಹುಶಃ ಹೂಂ ಅನ್ನುತ್ತಿದ್ದೆ. ನಾನು ಬೆಳೆದದ್ದು ಆ ಅಂಗಡಿಯಲ್ಲಿ. ಸಾಲೆಯ ರಜೆಯಲ್ಲಿ ಅವ್ವ ಕ್ರಾಸಿಂಗಿಗೆ ಹೋಗುವಾಗ ನನ್ನನ್ನು ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿ ಹೋಗುತ್ತಿದ್ದಳು. ಡಬ್ಬಿಗಳ ಮೇಲಿನ ಕೆಂಪು ತ್ರಿಕೋನಕ್ಕೂ ಹಸಿರು ತ್ರಿಕೋನಕ್ಕೂ ಇರುವ ಭೇದವನ್ನು ನನಗೆ ಕಲಿಸಿದ್ದು ಯಾವ ಪ್ರಾಧ್ಯಾಪಕರೂ ಅಲ್ಲ, ನೀವು. "ಕೆಂಪು ಅಂದ್ರ ಯಮ. ಹಸಿರು ಅಂದ್ರ ಯಮನ ತಮ್ಮ. ಎರಡನ್ನೂ ಮುಟ್ಟಬ್ಯಾಡ, ಬರೇ ಓದು." ನಾನು ಓದಿದೆ. ರೈತರು ಬಂದಾಗ ನನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಚೀಟಿ ಓದಿಸುತ್ತಿದ್ದಿರಿ. ನನಗೆ ಕೃಷಿ ಓದಲು ಹೇಳಿದವರೂ ನೀವೇ. ಅಂಗಡಿಯ ಫಲಕದ ಮೇಲೆ ಅಜ್ಜಿಯ ಹೆಸರಿಟ್ಟು "ಮುದುಕವ್ವ ಕೃಷಿ ಕೇಂದ್ರ" ಎಂದು ಬರೆಸಿದಾಗ, ಆ ಅಕ್ಷರಗಳಲ್ಲಿ ತಪ್ಪಿದೆಯೇ ನೋಡೆಂದು ನನ್ನನ್ನೇ ಏಣಿ ಹತ್ತಿಸಿದ್ದಿರಿ.

ಇನ್ನೂ ಹಿಂದಕ್ಕೆ ಹೋದರೆ, ಸಾಲೆಗೆ ಸೇರುವ ಮೊದಲೇ, ನನ್ನ ಜೀವನದಲ್ಲಿ ನಾನು ಓದಿದ ಮೊಟ್ಟಮೊದಲ ಪದ ನಿಮ್ಮ ಹೆಸರು. ಮೂರು ಅಕ್ಷರ. ಅದು ಎಲ್ಲಿ ಬರೆದಿತ್ತೆಂದು ನಿಮಗೆ ಗೊತ್ತು.

ಆದರೆ ಅದೇ ಅಂಗಡಿಯಲ್ಲಿ ಕಳೆದ ಮುಂಗಾರಿನಲ್ಲಿ ಕುಳಿತಾಗ ಬೇರೆಯದನ್ನೂ ನೋಡಿದೆ. ಹನುಮಸಾಗರದ ಕಡೆಯ ಒಬ್ಬ ಮುದುಕ ಯೂರಿಯಾ ಕೇಳಿದ. "ಜೋಡಿ ತಗೋಬೇಕು ಯಜಮಾನ್ರ, ಬರೇ ಯೂರಿಯಾ ಇಲ್ಲ" ಎಂದು ನೀವು ಒಂದು ಬಾಟಲಿಯನ್ನು ಮುಂದಿಟ್ಟಿರಿ. "ಇದನ್ನ ಯಾವುದಕ್ಕ ಹೊಡೀಲಿ? ನನ್ನ ಬೆಳಿಗೆ ಹುಳಾನ ಇಲ್ಲಲ್ರೀ" ಎಂದ. "ಬರತಾವ, ಗಡಿಬಿಡಿ ಯಾಕ?" ಎಂದಿರಿ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಮುದುಕನೂ ನಕ್ಕ, ಬಾಟಲಿ ತೆಗೆದುಕೊಂಡ. ಈ ಹಡಗು ನಡೆದದ್ದು ಡೀಸೆಲ್ಲಿನಿಂದಲ್ಲ ಮಾವ, ಆ ಬಾಟಲಿಗಳಿಂದ. ಗೋಡೆಯ ಮೇಲೆ ತೂಗುವ ಪ್ರಮಾಣಪತ್ರದ ಅರ್ಥ, ಆ ಮುದುಕನಿಗೆ ಒಬ್ಬ ವಿದ್ವಾಂಸೆ ಸಲಹೆ ಕೊಟ್ಟಳು ಎಂಬುದು.

ಎರಡನೆಯ ಸಂಜೆ, ದೊಡ್ಡ ಸಭಾಂಗಣದಲ್ಲಿ, ಸನ್ಮಾನದ ಮೊದಲು ಕಂಪನಿಯ ಪ್ರಚಾರ ಚಿತ್ರ ತೋರಿಸಿದರು. ನೀವು ಮುಂದಿನ ಸಾಲಿನಲ್ಲಿ, ಅಧಿಕಾರಿಯ ಪಕ್ಕದಲ್ಲಿ. ನಾನು ನಿಮ್ಮ ಹಿಂದೆ. ಚಿತ್ರ ಮುಗಿಯುವ ಮೊದಲೇ ನಾನು ಎದ್ದು ಹೊರಗೆ ಹೋದೆ. ನಿಮಗೆ ಶಾಲು ಹೊದಿಸಿದ್ದನ್ನು ನಾನು ನೋಡಲಿಲ್ಲ, ಚಪ್ಪಾಳೆ ಕೇಳಿಸಿತು. ಆಮೇಲೆ ನೀವು ಶಾಲಿನ ಸಮೇತ ಹುಡುಕಿಕೊಂಡು ಬಂದು, "ವಾಂತಿ ಬರಾಕತ್ತೈತೇನವ್ವಾ? ಲಿಂಬಿಹಣ್ಣು ತಂದೀನಿ, ಮೂಸಿ ನೋಡು" ಎಂದಿರಿ. ಹೇಮಗುಡ್ಡದಲ್ಲಿ ಬಸ್ಸಿನ ಗಾಲಿಗೆ ಇಟ್ಟು ಉಳಿದ ಲಿಂಬೆಹಣ್ಣು ಅದು. ನೀವು ಕಿಸೆಯಲ್ಲಿ ಜೋಪಾನ ಮಾಡಿದ್ದಿರಿ. ನಾನು ತೆಗೆದುಕೊಂಡೆ. ಹಡಗಿನ ಓಲಾಟದಿಂದ ಹೀಗಾಗಿದೆಯೆಂದು ನೀವು ತಿಳಿದಿರಿ. ತಿಳಿದುಕೊಳ್ಳಲಿ ಎಂದು ಬಿಟ್ಟೆ. ಸಮುದ್ರ ಆ ಸಂಜೆ ನಮ್ಮ ಕೆರೆಗಿಂತ ಸುಮ್ಮನಿತ್ತು.

ಮರುದಿನ ಬೆಳಿಗ್ಗೆ ಮುಂಬೈ ಬಂದರಿನಲ್ಲಿ, ಚೀಲ ಹಿಡಿದು ಸಾಲಿನಲ್ಲಿ ನಿಂತಾಗ ನೀವು ಕೇಳಿದಿರಿ. "ಹೊಳೀ, ನಿನ್ನ ಸರ್ಟಿಫಿಕೇಟು ಅಂಗಡಿಗೆ ಕೊಡು. ಛಲೋ ಫ್ರೇಮ್ ಹಾಕಸ್ತೀನಿ, ಅಜ್ಜಿ ಫೋಟೋದ ಬಾಜೂಕ ತೂಗುಹಾಕ್ತೀನಿ."

"ನಾನು ಅಂಗಡಿಯಲ್ಲಿ ಕೂರಬೇಕೇ?" ಎಂದು ಕೇಳಿದೆ.

"ಏ, ನೀ ಬರೂದೇನ ಬ್ಯಾಡ. ನೀ ಓದಕೋ, ನೌಕರಿ ಹುಡುಕ್ಕೋ. ಕಾಗದ ಅಷ್ಟ ಇದ್ರ ಆತು."

ಗಿಡ್ಡಪ್ಪನವರು ಹಿಂದಿನಿಂದ, "ಕೊಡವ್ವಾ, ಕೊಡು. ಪೆಟ್ಟಿಗ್ಯಾಗ ಇಟ್ರ ಗೆದ್ದಲಿ ತಿಂತಾವ, ಗ್ವಾಡಿಗಿದ್ರ ನಾಕು ಮಂದಿ ನೋಡತಾರ" ಎಂದರು. ಇಡೀ ತರಗತಿಗೆ, ಇಡೀ ವಿಶ್ವವಿದ್ಯಾಲಯಕ್ಕೆ ಮೊದಲಿಗಳಾಗಿ ನಾನು ಗಳಿಸಿದ್ದು ಗೆದ್ದಲಿನ ಬಾಯಿಗೂ ನಿಮ್ಮ ಗೋಡೆಗೂ ನಡುವಿನ ಆಯ್ಕೆ ಎಂದು ಆಗ ತಿಳಿಯಿತು. "ಯೋಚಿಸಿ ಬರೆಯುತ್ತೇನೆ" ಎಂದೆ. ನೀವು ಬೆನ್ನು ತಟ್ಟಿ, ಆ ಟೊಪ್ಪಿಗೆಯನ್ನು ತಲೆಯಿಂದ ತೆಗೆದು ನನ್ನ ಕೈಗಿಟ್ಟು, "ಅಕ್ಕಗ ಕೊಡು, ಬಿಸಲಾಗ ಹಾಕ್ಕೋತಾಳ" ಎಂದಿರಿ.

ನಾನು ಇಲ್ಲವೆಂದರೆ ಏನಾಗುತ್ತದೆಂಬುದು ನನಗೆ ಗೊತ್ತು. ಮಾರ್ಚಿನೊಳಗೆ ಬೇರೆ ಕಾಗದ ಸಿಗದಿದ್ದರೆ ಔಷಧಿಯ ಕಪಾಟಿಗೆ ಇಲಾಖೆಯವರು ಬೀಗ ಹಾಕುತ್ತಾರೆ. ಬೀಜ ಒಂದನ್ನೇ ಮಾರಿ ನೀವು ಸಾಮ್ರಾಟರಾಗಿ ಉಳಿಯಲಾರಿರಿ. ಅತ್ತೆಯ ಮೊಣಕಾಲಿಗೆ ಕೊಪ್ಪಳದ ಡಾಕ್ಟರು ಹೇಳಿದ ಚಿಕಿತ್ಸೆಯೂ ಆ ಕಪಾಟಿನಿಂದಲೇ ಬರಬೇಕು. ಇದನ್ನೆಲ್ಲ ತೂಗಿ ನೋಡದೆ ಬರೆಯುವವಳು ನಾನಲ್ಲ.

ಅವ್ವನಂತೂ ಹಗಲಿರುಳು ನಿಮ್ಮ ವಕೀಲಿಕೆ ನಡೆಸಿದ್ದಾಳೆ. "ಕೊಟ್ಟು ಬಿಡ. ಏನು ಕಿಡ್ನಿ ಕೇಳ್ಯಾನೇನು? ಹಾಳಿ ಕೇಳ್ಯಾನ. ನನ್ನ ತಮ್ಮಗ ಇಲ್ಲಾ ಅನಬ್ಯಾಡ. ಅನ್ನೂದಾದ್ರ ಮೊದಲ ನನಗ ಅನ್ನು" ಎನ್ನುತ್ತಾಳೆ. ನಿನ್ನೆ ನನ್ನ ಪೆಟ್ಟಿಗೆಯಿಂದ ಪ್ರಮಾಣಪತ್ರವನ್ನು ತಾನೇ ತೆಗೆದು, ನೆಲದ ಮೇಲೆ ಹಳೆಯ ಇಳಕಲ್ ಸೀರೆ ಹಾಸಿ, ಅದರೊಳಗೆ ಸುತ್ತಿಟ್ಟಿದ್ದಾಳೆ. ಗಂಟು ನನ್ನ ಪಕ್ಕದಲ್ಲೇ ಇದೆ. ಕುಷ್ಟಗಿಯ ಬಸ್ಸಿಗೆ ಹೋಗುವವರು ಯಾರು ಸಿಕ್ಕರೂ ಕೊಟ್ಟು ಕಳಿಸುವ ತಯಾರಿ. ಅವಳ ಕೈಯಿಂದ ಏನನ್ನಾದರೂ ಬಿಡಿಸಿಕೊಳ್ಳುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿದೆ.

ಅತ್ತೆಯ ಕಾಲಿಗೆ ಸಾಸಿವೆ ಎಣ್ಣೆಯನ್ನು ಬಿಸಿ ಮಾಡಿ ಹಚ್ಚಲು ಹೇಳಿ. ಹುಲಿಗಿಯ ಹುಣ್ಣಿಮೆಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಅವರನ್ನು ಕೇಳಿಯೇ ಕರೆದುಕೊಂಡು ಹೋಗುತ್ತೇನೆ. ಹಿರಿಯರಾದ ನಿಮ್ಮನ್ನು ನಾನು ಹರಸುವಂತಿಲ್ಲ. ಹುಲಿಗೆಮ್ಮ ನಿಮಗೆ ಆಯುಷ್ಯ ಕೊಡಲಿ, ನೆನಪನ್ನೂ ಕೊಡಲಿ ಎಂದು ಬೇಡುತ್ತೇನೆ.

ಇತಿ ನಿಮ್ಮ ಸೊಸೆ,
ಹೊಳಿಯಮ್ಮ

ತಾ.ಕ.: ಹಡಗಿನಲ್ಲಿ ತೋರಿಸಿದ ಆ ಚಿತ್ರದಲ್ಲಿ, ಮಾವ, ನೆರಳು ಪರದೆಯೊಳಗೆ ಸಾಲಾಗಿ ಕುಳಿತ ಹೆಂಗಸರ ನಂತರ ಒಂದು ಕೈಯನ್ನು ಮಾತ್ರ ತೋರಿಸಿದರು. ಗೋಡೆಯಷ್ಟು ದೊಡ್ಡ ಕೈ. ಚಿಮಟ ಹಿಡಿದು ಟೊಮೆಟೊ ಮೊಗ್ಗನ್ನು ಸುಲಿಯುತ್ತಿತ್ತು. ಉಗುರೆಲ್ಲ ಹಸಿರು. ಮುಂಗೈ ತಿರುಗಿದಾಗ ಹಚ್ಚೆ ಕಂಡಿತು. ನೀವು ಮೂರು ವರ್ಷದ ಕೂಸಾಗಿದ್ದಾಗ ಜ್ವರದಲ್ಲಿ ಉಳಿಯುವುದಿಲ್ಲವೆಂದರಂತೆ. ಉಳಿದರೆ ತಮ್ಮನ ಹೆಸರನ್ನು ಮೈಮೇಲೆ ಹೊರುತ್ತೇನೆಂದು ಹುಲಿಗೆಮ್ಮನಿಗೆ ಹರಕೆ ಹೊತ್ತು, ಓದು ಬಾರದ ಹುಡುಗಿ ಬರೆಸಿಕೊಂಡ ಮೂರು ಅಕ್ಷರ. ನಾನು ಓದಲು ಕಲಿತ ಮೂರು ಅಕ್ಷರ. ಅಷ್ಟು ದೊಡ್ಡದಾಗಿ ಅವನ್ನು ನಾನು ಎಂದೂ ನೋಡಿರಲಿಲ್ಲ.

ಅಧಿಕಾರಿ ನಕ್ಕು ನಿಮ್ಮ ಹೆಗಲು ತಟ್ಟಿ, "ಏನ್ರೀ ಯಂಕೋಬಪ್ಪ, ನಿಮ್ ಹೆಸರು ಬರೆಸ್ಕೊಂಡಿದ್ದಾಳಲ್ರೀ! ಯಾರ್ರೀ ಇವಳು?" ಎಂದ. ಸುತ್ತಲಿನವರೂ ನಕ್ಕರು. ನಿಮ್ಮ ಕತ್ತು ಅಲ್ಲಾಡದೆ ನಿಂತಿದ್ದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ಆಮೇಲೆ ನೀವೂ ನಕ್ಕಿರಿ. "ಯಾವಾಕಿನೋ ಕ್ರಾಸಿಂಗಿನಾಕಿ ಇರಬೇಕ್ರೀ ಸರ. ನಮ್ಮ ಕಡಿ ಯಂಕೋಬಗೋಳು ಮನಿಗೊಬ್ಬ ಅದಾರ."

ಊರಿಗೆ ಬಂದ ಮೇಲೆ ಅವ್ವನನ್ನು ಕೇಳಿದೆ, ಯಾರಾದರೂ ನಿನ್ನ ಚಿತ್ರ ತೆಗೆದುಕೊಂಡು ಹೋಗಿದ್ದರೇ ಎಂದು. "ಹೂಂ, ಮಳಿಗಾಲದಾಗ ಬಂದಿದ್ರು. ಬರೇ ಕೈ ಹೊಡಕೊಂಡು ಹೋಗ್ಯಾರ. ಮಾರಿ ಬ್ಯಾಡ ಅಂದ್ರು" ಎಂದಳು. ಆಮೇಲೆ ಟೊಪ್ಪಿಗೆಯ ಧೂಳು ಕೊಡವುತ್ತ ಕೇಳಿದಳು: "ಹಡಗದಾಗ ನಿಮ್ಮ ಮಾವ ನನ್ನ ನೆನಸಿದ್ನೇನ?"

ಅವಳಿಗೆ ಉತ್ತರ ನೀವು ಕೊಡಿ.

ನಾನು ಪ್ರಮಾಣಪತ್ರ ಕೊಡುವುದಿಲ್ಲ.